ಗದ್ದದ ಕೂದಲಿಗೆ ಹಬ್ಬದ ರಿಯಾಯಿತಿ

ದಾವಣಗೆರೆಯಿಂದ ಹರಿಹರದ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗುವ ನಾನು ಕಿಟಕಿ ಪಕ್ಕದ ಸೀಟು ಬಿಟ್ಟು ವರ್ಷಗಳಾಗಿದ್ದವು. ಎಳೆಬಿಸಿಲು ಓರೆಯಾಗಿ ಬಿದ್ದರೆ ಗದ್ದದ ಕೂದಲು ಎಣಿಸುವ ಹಾಗೆ ಕಾಣುತ್ತಿತ್ತು. ವಾರಕ್ಕೊಮ್ಮೆ ಥ್ರೆಡ್ಡಿಂಗ್ ಮಾಡಿಸಿದ್ದೂ ಆಯಿತು, ಅಮ್ಮ ಹೇಳಿದಂತೆ ಅರಿಶಿನ, ಕಡಲೆಹಿಟ್ಟು ಹಚ್ಚಿ ತಿಕ್ಕಿದ್ದೂ ಆಯಿತು. ಹಳದಿಯಾದದ್ದು ದಿಂಬಿನ ಕವರು ಮಾತ್ರ.

ತಂಗಿಯ ಮದುವೆಗೆ ಎರಡು ತಿಂಗಳಿದ್ದಾಗ ಒಂದು ಪಾರ್ಲರಿನ ಬೋರ್ಡು ಕಣ್ಣಿಗೆ ಬಿತ್ತು: ಲೇಸರ್, ಆರು ಸಿಟ್ಟಿಂಗ್, ಶಾಶ್ವತ ಪರಿಹಾರ, ಹಬ್ಬದ ರಿಯಾಯಿತಿ. ಒಳಗೆ ಹೋಗಿ ರೇಟು ಕೇಳಿದೆ, ನೋಯುತ್ತಾ ಅಂತ ಕೇಳಿದೆ. ಯಂತ್ರ ಯಾವುದು ಅಂತ ಮಾತ್ರ ಕೇಳಲಿಲ್ಲ. ಸೀರೆಗಾದರೆ ರೇಷ್ಮೆಯಾ ಪಾಲಿಸ್ಟರಾ ಅಂತ ಹತ್ತು ಸಲ ಮುಟ್ಟಿ ನೋಡುವವಳು ನಾನು! ಎರಡನೇ ಸಿಟ್ಟಿಂಗಿಗೆ ದವಡೆಯುದ್ದಕ್ಕೂ ಚರ್ಮ ಸುಟ್ಟು, ಕಂದು ಕಲೆ ಕೂತಿತು. ಮದುವೆಯ ಫೋಟೋಗಳಲ್ಲೆಲ್ಲ ನನ್ನ ಕೈ ಕೆನ್ನೆಯ ಮೇಲೇ ಇದೆ.

ಆಮೇಲೆ ತೋರಿಸಿಕೊಂಡ ಚರ್ಮದ ಡಾಕ್ಟರು ಹೇಳಿದಾಗಲೇ ಗೊತ್ತಾದದ್ದು, ನನಗೆ ಕೊಟ್ಟದ್ದು ಲೇಸರೇ ಅಲ್ಲ. ಐಪಿಎಲ್ ಎಂಬ ಹಲವು ತರಂಗಾಂತರಗಳ ಬೆಳಕು. ಅದರದಾಗಲಿ ಲೇಸರಿನದಾಗಲಿ, ಬೆಳಕು ಕೂದಲಿನ ಕಪ್ಪು ಬಣ್ಣವನ್ನು ಹುಡುಕಿಕೊಂಡು ಹೋಗಿ ಬುಡ ಸುಡುತ್ತದೆ. ಅದೇ ಬಣ್ಣ ನಮ್ಮಂಥ ಕಪ್ಪು ಚರ್ಮದಲ್ಲೂ ಇದೆಯಲ್ಲ, ಪೆಟ್ಟು ಅಲ್ಲಿಗೂ ಬೀಳುತ್ತದೆ. 755 ನ್ಯಾನೋಮೀಟರಿನ ಅಲೆಕ್ಸಾಂಡ್ರೈಟ್ ಲೇಸರು ಬಿಳಿ ಚರ್ಮದವರಿಗೆ ಚೆನ್ನ. 1064ರ ಎನ್‌ಡಿ ಯಾಗ್ ಚರ್ಮದ ಬಣ್ಣಕ್ಕೆ ಅಷ್ಟಾಗಿ ಅಂಟಿಕೊಳ್ಳದೆ ಆಳಕ್ಕಿಳಿಯುತ್ತದೆ, ಕಪ್ಪು ಚರ್ಮಕ್ಕೆ ಅದೇ ಹೆಚ್ಚು ಸುರಕ್ಷಿತ. 800ರ ಆಸುಪಾಸಿನ ಡಯೋಡ್ ಇವೆರಡರ ನಡುವಿನದು. ಈ ನಂಬರುಗಳನ್ನು ಬೋರ್ಡಿನ ಮೇಲೆ ಬರೆಯದವರು ರಿಯಾಯಿತಿಯನ್ನು ಮಾತ್ರ ದಪ್ಪಕ್ಷರದಲ್ಲಿ ಬರೆಯುತ್ತಾರೆ.

ಡಾಕ್ಟರು ಲೇಸರಿನ ಮಾತೆತ್ತುವ ಮೊದಲು ಕೇಳಿದ್ದು ಮುಟ್ಟಿನ ಲೆಕ್ಕ. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಆಗಿ ಪಿಸಿಓಎಸ್ ಎಂಬ ಹಾರ್ಮೋನಿನ ಏರುಪೇರು ಎಂದು ಗೊತ್ತಾಯಿತು. ಹಾರ್ಮೋನು ಹಾಗೇ ಇದ್ದರೆ ಇಂದಿನ ಕೂದಲು ಹೋದರೂ ಹೊಸದು ಬರುತ್ತಿರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಇಂಥ ಯಂತ್ರಗಳಿಗೆ ಒಪ್ಪುವುದು ಕೂದಲು ಶಾಶ್ವತವಾಗಿ ಕಡಿಮೆಯಾಗುತ್ತದೆ ಎಂಬ ಮಾತನ್ನು. ಪೂರ್ತಿ ಹೋಗುತ್ತದೆ ಎಂಬುದನ್ನಲ್ಲ.

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಕೆನ್ನೆಯ ನವಿರು ಕೂದಲಿಗೂ ಕಾಲೇಜು ಹುಡುಗಿಯರಿಗೆ ಪ್ಯಾಕೇಜು ಮಾರುತ್ತಾರೆ. ಅಂಥ ತೆಳು ಕೂದಲಲ್ಲಿ ಲೇಸರಿಗೆ ಹಿಡಿಯಲು ಬಣ್ಣವೇ ಸಾಲದು. ಕೆಲವರಿಗೆ, ಅದರಲ್ಲೂ ಮುಖದ ಮೇಲೆ, ಇದ್ದದ್ದಕ್ಕಿಂತ ದಪ್ಪ ಕೂದಲು ಹುಟ್ಟುವುದೂ ಉಂಟು. ದುಡ್ಡು ಕೊಟ್ಟು ಮೀಸೆ ಬೆಳೆಸಿಕೊಂಡಂತೆ.

ಕಲೆ ಮಾಸಿದ ಮೇಲೆ, ಕಿವಿಯ ಹತ್ತಿರ ಸ್ವಲ್ಪ ಜಾಗದಲ್ಲಿ ಪರೀಕ್ಷೆ ಮಾಡಿ ನೋಡಿ, 1064ರಲ್ಲೇ ತಿಂಗಳಿಗೊಂದರಂತೆ ಎಂಟು ಸಿಟ್ಟಿಂಗ್ ಆಯಿತು. ಅಷ್ಟೂ ದಿನ ಥ್ರೆಡ್ಡಿಂಗ್ ಬಂದ್. ಬುಡವೇ ಕಿತ್ತುಹೋದರೆ ಲೇಸರು ಸುಡುವುದೇನನ್ನು? ರೇಜರ್ ಒಂದೇ ದಾರಿ. "ಹೆಣ್ಮಗಳು ಗದ್ದ ಹೆರ್ಕೊಳ್ಳೋದಾ, ಒರಟಾಗಿ ಬರುತ್ತೆ ಕಣೇ" ಎಂದು ಅಮ್ಮ ಗೋಳಾಡಿದಳು. ಒರಟಾಗಿಯೇನೂ ಬರಲಿಲ್ಲ. ಮುಕ್ಕಾಲು ಪಾಲು ಹೋಗಿದೆ. ಗದ್ದದ ಮೂರು ಬಿಳಿ ಕೂದಲು ಲೇಸರಿನ ಕಣ್ಣಿಗೇ ಬೀಳುವುದಿಲ್ಲ, ಅವಕ್ಕೆ ಚಿಮುಟವೇ ಗತಿ.

ಮೊನ್ನೆ ಸ್ಟಾಫ್ ರೂಮಿನ ಗೆಳತಿಯೊಬ್ಬಳು ಹೊಸ ಆಫರಿನ ಚೀಟಿ ತಂದಿದ್ದಳು. ಯಂತ್ರ ಯಾವುದು, ಎಷ್ಟು ನ್ಯಾನೋಮೀಟರು, ಡಾಕ್ಟರು ಇರುತ್ತಾರಾ ಕೇಳಿ ಬಾ ಎಂದೆ. ಕೇಳಿ ಬಂದಳು. ಕೌಂಟರಿನ ಹುಡುಗಿ ಹೇಳಿದಳಂತೆ: "ಒಳ್ಳೇ ಕಂಪನಿದೇ ಮೇಡಂ."