ಹೊಸ್ತಿಲಿನಿಂದ ಎಣಿಸಿರಿ

ನಮ್ಮ ಕಡೆಯ ಒಂದು ಬಸ್ ನಿಲ್ದಾಣದಲ್ಲಿ ಗದುಗಿನ ಬಸ್ಸಿಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿದ್ದ ಕಾಲೇಜು ಹುಡುಗ ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದು, ‘ನೋಡ್ರಿ ಸರ, ಸ್ಟೇಶನ್ ಅಂದ್ರ ಹಿಂಗಿರಬೇಕು’ ಎಂದ. ಸೂರತ್ತಿನ ಬುಲೆಟ್ ರೈಲು ನಿಲ್ದಾಣದ ಚಿತ್ರ. ವಜ್ರದ ಹರಳಿನಂಥ ಮುಖ, ಗಾಜು, ಓಡುವ ಮೆಟ್ಟಿಲು. ಚಂದ ಇತ್ತು, ಸುಳ್ಳೇಕೆ ಹೇಳಲಿ. ‘ನಮ್ಮ ಕಡೆ ಯಾವಾಗ ಬರತೈತ್ರಿ?’ ಎಂದು ಕೇಳಿದ. ‘ಮೊದಲು ಬಸ್ಸು ಬರಲಿ’ ಎಂದೆ. ಹುಡುಗ ನಕ್ಕ. ನನಗೆ ನಗು ಬರಲಿಲ್ಲ.

ಈ ವೇಗದ ಲೆಕ್ಕದಲ್ಲಿ ಒಂದು ಮೋಸವಿದೆ. ದೊಡ್ಡವರ ಪ್ರಯಾಣ ಪ್ಲಾಟ್‌ಫಾರ್ಮಿನಿಂದ ಶುರುವಾಗುತ್ತದೆ, ನಮ್ಮದು ಮನೆಯ ಹೊಸ್ತಿಲಿನಿಂದ. 2023ರ ಜೂನ್ 27ರಂದು ಬೆಂಗಳೂರು–ಧಾರವಾಡ ನಡುವೆ ವಂದೇ ಭಾರತ್ ಓಡತೊಡಗಿತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಆರು ತಾಸಿನ ಆಸುಪಾಸು. ಸಂತೋಷ. ಗಜೇಂದ್ರಗಡದ ನೇಕಾರ ಅದನ್ನು ಹಿಡಿಯಬೇಕಾದರೆ ಮೊದಲು ಗದುಗಿಗೆ ಬಂದು, ಅಲ್ಲಿಂದ ಹುಬ್ಬಳ್ಳಿ ಸೇರಬೇಕು. ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಆತ ಇದಾವುದರ ಗೊಡವೆಗೂ ಹೋಗದೆ ರಾತ್ರಿ ಬಸ್ಸಿನಲ್ಲಿ ಮುದುಡಿಕೊಂಡು ಬೆಂಗಳೂರು ಮುಟ್ಟುತ್ತಾನೆ.

1876–78ರ ಭೀಕರ ಬರದ ಬಳಿಕ ಸದರ್ನ್ ಮರಾಠಾ ರೈಲ್ವೆಯವರು ಗದಗ–ಹೊಟಗಿ ಮೀಟರ್ ಗೇಜ್ ಹಳಿ ಹಾಕಿದರು. ಆ ಹಳಿ ಮಲ್ಲಾಪುರ, ಹೊಳೆಆಲೂರು ಮೇಲೆ ಹಾದು ಬಾದಾಮಿಯತ್ತ ಹೋಯಿತು. ರೋಣಕ್ಕೆ ಸಿಕ್ಕದ್ದು ಊರಾಚೆಯ ಮಲ್ಲಾಪುರ. 1858ರಲ್ಲಿ ಬ್ರಿಟಿಷರ ವಿರುದ್ಧ ಬಾಬಾಸಾಹೇಬ ಸೆಟೆದು ನಿಂತ, 1980ರ ಜುಲೈನಲ್ಲಿ ರೈತ ಬಂಡಾಯದಿಂದ ನಾಡಿಗೆಲ್ಲ ಹೆಸರಾದ ನರಗುಂದಕ್ಕೆ ಏನೂ ಇಲ್ಲ. ಗಜೇಂದ್ರಗಡಕ್ಕೂ ಇಲ್ಲ. ಇಂಗ್ಲಿಷರು ಬಿಟ್ಟುಹೋದ ಊರುಗಳನ್ನು ನಾವೂ ಬಿಟ್ಟೆವು. ಹಳಿ ಅಗಲವಾಯಿತು, ಊರು ಮಾತ್ರ ಹತ್ತಿರ ಬರಲಿಲ್ಲ.

ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ ಹನ್ನೊಂದರ ವಯಸ್ಸಿನಲ್ಲಿ, 1933ರಲ್ಲಿ, ಗುರುವನ್ನು ಹುಡುಕುತ್ತ ಮನೆ ಬಿಟ್ಟ ಕಥೆ ಎಲ್ಲರಿಗೂ ಗೊತ್ತು. ಕೈಯಲ್ಲಿ ಕಾಸಿಲ್ಲದ ಹುಡುಗ, ಜೊತೆಯ ಪ್ರಯಾಣಿಕರ ಕರುಣೆಯಿಂದ ರೈಲಿನಿಂದ ರೈಲಿಗೆ ದಾಟುತ್ತ ಗ್ವಾಲಿಯರಿನವರೆಗೆ ಹೋದ. ಅಂದಿನ ನಿಧಾನದ ಗಾಡಿ ಬಡವನ ಮಗನನ್ನು ಒಳಗೆ ಬಿಟ್ಟುಕೊಂಡಿತ್ತು. ಇಂದಿನ ಗಾಡಿಗಳ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. (ಟಿಕೆಟ್ ಇಲ್ಲದೆ ಹತ್ತಿರಿ ಎಂದು ನಾನು ಹೇಳುತ್ತಿಲ್ಲ, ಹುಡುಗರು ತಪ್ಪು ತಿಳಿಯಬಾರದು.)

ಬಡವನ ಗಾಡಿಗೆ ಏನಾಯಿತು ನೋಡಿರಿ. 2020ರಲ್ಲಿ ಕೊರೊನಾ ಬಂದಾಗ ಪ್ಯಾಸೆಂಜರ್ ಗಾಡಿಗಳು ನಿಂತವು. ತಿರುಗಿ ಬಂದಾಗ ‘ಸ್ಪೆಶಲ್’, ‘ಎಕ್ಸ್‌ಪ್ರೆಸ್’ ಎಂದು ಹೆಸರು ಬದಲಿಸಿಕೊಂಡಿದ್ದವು. ಗಾಡಿ ಅದೇ, ಬೆಂಚೂ ಅದೇ. 10 ರೂಪಾಯಿಯ ಕನಿಷ್ಠ ಟಿಕೆಟ್ ಮಾತ್ರ 30 ಆಯಿತು. ಹಳೆಯ ದರ ಮರಳಿದ್ದು 2024ರ ಆರಂಭದಲ್ಲಿ. ಅಷ್ಟು ವರ್ಷ ಉಳ್ಳಾಗಡ್ಡಿ ಚೀಲದೊಂದಿಗೆ ಸಂತೆಗೆ ಹೋಗುವ ಹೆಣ್ಣುಮಗಳು ಮೂರು ಪಟ್ಟು ಕೊಟ್ಟಳು. ಇದರ ಬಗ್ಗೆ ಎಷ್ಟು ಜನ ದನಿ ಎತ್ತಿದರು? ಗಾಜಿನ ಗೋಡೆಯ ಚಿತ್ರವಾದರೆ ಎಲ್ಲರ ಮೊಬೈಲಿನಲ್ಲೂ ಇದೆ.

ಕಟ್ಟಡಕ್ಕೆ ಹಣವಿಲ್ಲ ಎಂದು ಯಾರೂ ಹೇಳುತ್ತಿಲ್ಲ. ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ ಸುಮಾರು 314 ಕೋಟಿ ರೂಪಾಯಿ ಸುರಿದು ವಿಮಾನ ನಿಲ್ದಾಣದ ಮಾದರಿಯಲ್ಲಿ ವಿಶ್ವೇಶ್ವರಯ್ಯ ಟರ್ಮಿನಲ್ ಕಟ್ಟಿದರು. 2022ರ ಜೂನ್‌ನಲ್ಲಿ ಅದು ತೆರೆದಾಗ ಬಾಗಿಲಿಗೆ ಮೆಟ್ರೊ ಇರಲಿಲ್ಲ. ಗಂಟು ಹೊತ್ತವರು ಆಟೋದವರ ಕೈಗೆ ಸಿಕ್ಕರು. ಇಂಜಿನಿಯರುಗಳಿಗೇ ಗುರುವಾದ ಮಹನೀಯರ ಹೆಸರಿನ ನಿಲ್ದಾಣಕ್ಕೆ ಹೋಗುವ ದಾರಿಯನ್ನೇ ಮರೆತರು! ಹುಬ್ಬಳ್ಳಿಯಲ್ಲಿ 1507 ಮೀಟರಿನ ಪ್ಲಾಟ್‌ಫಾರ್ಮ್ 2023ರಲ್ಲಿ ಜಗತ್ತಿಗೇ ಉದ್ದದ್ದೆನಿಸಿತು. 2025ರ ಮೇ 22ರಂದು ಗದುಗಿನ ಹೊಸರೂಪದ ಅಮೃತ ನಿಲ್ದಾಣದ ಉದ್ಘಾಟನೆಯೂ ಆಯಿತು. ನಮ್ಮ ಜಿಲ್ಲೆಯ ನಿಲ್ದಾಣ ಚಂದವಾದರೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅಲ್ಲಿಗೆ ಬರುವ ಜನ ರೋಣ, ನರಗುಂದ, ಗಜೇಂದ್ರಗಡದಿಂದ ಹೇಗೆ ಬರುತ್ತಾರೆ ಎನ್ನುವುದು ನಿಲ್ದಾಣದ ನಕ್ಷೆಯ ಮೊದಲ ಗೆರೆಯಾಗಬೇಕಿತ್ತು.

‘ಇವರು ಪ್ರಗತಿಗೆ ಅಡ್ಡಗಾಲು’ ಎನ್ನುವವರು ಇದ್ದಾರೆ. ಜಪಾನಿನವರು 1964ರಲ್ಲೇ ಬುಲೆಟ್ ರೈಲು ಓಡಿಸಿದರು, ನಿಜ. ಅದಕ್ಕೂ ಮೊದಲೇ ಅವರಲ್ಲಿ ಊರೂರಿಗೆ ಸಣ್ಣ ಗಾಡಿಗಳಿದ್ದವು. ದೊಡ್ಡ ಗಾಡಿಯಿಂದ ಇಳಿದವನಿಗೆ ಸಣ್ಣ ಗಾಡಿ ಸಿಗುತ್ತದೆ. ನಾವು ಮರದ ಬೇರು ಬಿಟ್ಟು ಹೂವಿಗೆ ಬಣ್ಣ ಹಚ್ಚಲು ಹೊರಟಿದ್ದೇವೆ. ಆ ಹುಡುಗ ತೋರಿಸಿದ ಸೂರತ್ತಿನ ನಿಲ್ದಾಣವೂ ಊರೊಳಗಿಲ್ಲ, ಹೊರಗಿನ ಅಂತ್ರೋಲಿಯಲ್ಲಿದೆ.

ನಾನು ಕೇಳುವುದು ದೊಡ್ಡದೇನಲ್ಲ. ಮಲ್ಲಾಪುರದಂಥ ಸಣ್ಣ ನಿಲ್ದಾಣದಲ್ಲಿ ನೆರಳು, ಕುಡಿಯುವ ನೀರು, ಹೆಣ್ಣುಮಕ್ಕಳು ಅಂಜದೆ ಹೋಗಬಹುದಾದ, ಬೀಗ ಹಾಕದ ಶೌಚಾಲಯ ಇರಬೇಕು. ಗಾಡಿಯ ಹೊತ್ತಿಗೆ ರೋಣದಿಂದ ಬಸ್ಸು ಬರಬೇಕು. ಗಾಡಿ ತಡವಾದರೆ ಬಸ್ಸೂ ಕಾಯಬೇಕು. ನರಗುಂದ, ಗಜೇಂದ್ರಗಡಗಳಿಗೆ ಹಳಿ ಬರುವವರೆಗೆ ಗದಗ, ಹುಬ್ಬಳ್ಳಿಗೆ ಹೊಂದುವ ಬಸ್ಸು, ಒಂದೇ ಟಿಕೆಟ್ಟು. ಇದು ಆಗದ ಮಾತಲ್ಲ. 2025ರ ಮೇ 15ರಂದು ಗದಗ–ವಾಡಿ ಮಾರ್ಗದ ತಳಕಲ್–ಕುಷ್ಟಗಿ ತುಂಡು ತೆರೆದು ನೆರೆಯ ಕುಷ್ಟಗಿಗೆ ಮೊದಲ ಬಾರಿ ರೈಲು ಬಂತು. ಬುಲೆಟ್ ಅಲ್ಲ, ಸಾದಾ ಗಾಡಿ.

ಅಷ್ಟರಲ್ಲಿ ಬಸ್ಸು ಬಂತು, ತುಂಬಿ ಬಂತು. ಹುಡುಗ ಮೊಬೈಲನ್ನು ಕಿಸೆಗಿಟ್ಟು, ಕಿಟಕಿಯಿಂದ ಟವೆಲ್ ಎಸೆದು ನನಗೂ ಒಂದು ಸೀಟು ಹಿಡಿದ. ಗದಗ ಮುಟ್ಟುವಷ್ಟರಲ್ಲಿ ನಾನು ಹಿಡಿಯಬೇಕಿದ್ದ ಗಾಡಿ ಹೋಗಿತ್ತು.