‘ಮೇ’ ಎಂದರೆ ‘ಬಹುದು’ ಮಾತ್ರವೇ?

ಇಂಗ್ಲಿಷಿನಲ್ಲಿ ಚಿಕ್ಕ ಪದಗಳೇ ಹೆಚ್ಚಿನ ಹೊರೆಯನ್ನು ಹೊರುತ್ತವೆ. ಮೂರೇ ಅಕ್ಷರಗಳ ‘ಮೇ’ ಎಂಬ ಸಹಾಯಕ ಕ್ರಿಯಾಪದ ಅದಕ್ಕೊಂದು ನಿದರ್ಶನ. ತರಗತಿಯ ಬಾಗಿಲಲ್ಲಿ ನಿಂತ ಮಗು ‘ಮೇ ಐ ಕಮ್ ಇನ್’ ಎಂದಾಗ ಅದು ಅನುಮತಿಯ ಕೋರಿಕೆ. ‘ಇಟ್ ಮೇ ರೇನ್’ ಎಂದಾಗ ಸಂಭವದ ಸೂಚನೆ. ‘ಮೇ ಯು ಲಿವ್ ಲಾಂಗ್’ ಎಂದಾಗ ಹಾರೈಕೆ. ‘ಕಮ್ ವಾಟ್ ಮೇ’ ಎಂದಾಗ ಏನೇ ಬರಲಿ, ಎದುರಿಸುತ್ತೇನೆ ಎಂಬ ದೃಢತೆ. ವರ್ಷದ ಐದನೆಯ ತಿಂಗಳ ಹೆಸರು ಮಾತ್ರ ಈ ಬಳಗಕ್ಕೆ ಸೇರಿದ್ದಲ್ಲ. ಅದು ಲ್ಯಾಟಿನ್ನಿನಿಂದ ಬಂದದ್ದು.

ಕನ್ನಡವು ಈ ಕೆಲಸಗಳನ್ನು ಬೇರೆ ರೀತಿಯಲ್ಲಿ ಹಂಚಿಕೊಂಡಿದೆ. ಹಾರೈಕೆಗೆ ‘ಬಾಳಲಿ’ ಎಂಬ ರೂಪವಿದೆ. ಅನುಮತಿಗೂ ಸಂಭವಕ್ಕೂ ‘ಬಹುದು’ ಒಂದೇ ಸಾಕು: ‘ನೀವು ಹೊರಡಬಹುದು’, ‘ಮಳೆ ಬರಬಹುದು’. ಎರಡು ಪದಗಳ ಮೂಲ ನೋಡಿದರೆ ಒಂದು ಕುತೂಹಲದ ವ್ಯತ್ಯಾಸ ಕಾಣುತ್ತದೆ. ಹಳೆಯ ಇಂಗ್ಲಿಷಿನಲ್ಲಿ ‘ಮೇ’ ಪದದ ಪೂರ್ವರೂಪಕ್ಕೆ ಶಕ್ತನಾಗಿರು ಎಂಬ ಅರ್ಥವಿತ್ತು. ಬಲವನ್ನು ಸೂಚಿಸುವ ‘ಮೈಟ್’ ಅದರ ದಾಯಾದಿ. ನಮ್ಮ ‘ಬಹುದು’ ಹುಟ್ಟಿದ್ದು ‘ಬರು’ ಧಾತುವಿನಿಂದ. ಬರುವಂಥದ್ದು, ಒದಗುವಂಥದ್ದು ಎಂಬುದು ಅದರ ಮೊದಲ ಅರ್ಥ. ಅಲ್ಲಿ ಮಾಡುವವನ ಬಲ, ಇಲ್ಲಿ ತಾನಾಗಿ ಒದಗುವ ಘಟನೆ. ಕಾನೂನಿನ ಭಾಷೆಗೆ ಬಂದಾಗ ಈ ವ್ಯತ್ಯಾಸ ಕೇವಲ ನಿಘಂಟಿನ ವಿಷಯವಾಗಿ ಉಳಿಯುವುದಿಲ್ಲ.

ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕೆಲಸ ಮಾಡುವ ನನ್ನಂಥವರಿಗೆ ‘ಮೇ’ ಪ್ರತಿದಿನದ ಒಡನಾಡಿ. ಕೆಳಗಿನ ಸಿಬ್ಬಂದಿ ಕಡತದಲ್ಲಿ ‘ಅಪ್ರೂವಲ್ ಮೇ ಕೈಂಡ್ಲಿ ಬಿ ಅಕಾರ್ಡೆಡ್’ ಎಂದು ಬರೆದರೆ ಅದು ವಿನಂತಿ. ಅದೇ ಕಡತ ಮೇಲಿನಿಂದ ‘ಮೇ ಬಿ ಇಶ್ಯೂಡ್’ ಎಂಬ ಟಿಪ್ಪಣಿ ಹೊತ್ತು ಇಳಿದರೆ ಅದು ಆಜ್ಞೆ. ‘ಕಳುಹಿಸಬಹುದು, ಬಿಡಬಹುದು’ ಎಂದು ಅದನ್ನು ಓದಿಕೊಂಡ ಗುಮಾಸ್ತ ಮರುದಿನ ವಿವರಣೆ ಕೊಡಬೇಕಾದೀತು. ಪದ ಒಂದೇ, ಯಾರು ಯಾರಿಗೆ ಬರೆದರು ಎಂಬುದೇ ಅದರ ಅರ್ಥವನ್ನು ನಿರ್ಣಯಿಸುತ್ತದೆ.

ನ್ಯಾಯಾಲಯಗಳೂ ಈ ಗೊಂದಲವನ್ನು ಬಲ್ಲವು. ಸಾಮಾನ್ಯವಾಗಿ ‘ಶಲ್’ ಎಂದರೆ ಕಡ್ಡಾಯ, ‘ಮೇ’ ಎಂದರೆ ವಿವೇಚನೆ. ಕನ್ನಡ ಕಾಯಿದೆಗಳಲ್ಲಿ ಮೊದಲನೆಯದಕ್ಕೆ ‘ತಕ್ಕದ್ದು’, ಎರಡನೆಯದಕ್ಕೆ ‘ಬಹುದು’. ಆದರೆ ಈ ಗೆರೆ ಗಟ್ಟಿಯಾದುದಲ್ಲ. ಸರ್ಕಾರಿ ನೌಕರರ ಶಿಸ್ತಿನ ವಿಷಯಗಳಲ್ಲಿ ಲೋಕಸೇವಾ ಆಯೋಗವನ್ನು ಸಮಾಲೋಚಿಸತಕ್ಕದ್ದು ಎಂದು ಸಂವಿಧಾನದ 320ನೆಯ ವಿಧಿ ‘ಶಲ್’ ಬಳಸಿಯೇ ಹೇಳುತ್ತದೆ. ಆದರೂ 1957ರಲ್ಲಿ ಮನಬೋಧನ್ ಲಾಲ್ ಶ್ರೀವಾಸ್ತವ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಅದು ಕಡ್ಡಾಯವಲ್ಲ ಎಂದಿತು. ಅದಕ್ಕೂ ಹಿಂದೆ, 1880ರಲ್ಲಿ, ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಆಕ್ಸ್‌ಫರ್ಡಿನ ಬಿಷಪ್ಪರ ಪ್ರಕರಣದಲ್ಲಿ ಈ ಬಗೆಯ, ಅಧಿಕಾರ ಕೊಡುವ ಪದಗಳನ್ನು ಪರಿಶೀಲಿಸಿತು. ತೀರ್ಪು ಬಿಷಪ್ಪರ ವಿವೇಚನೆಯನ್ನೇ ಎತ್ತಿಹಿಡಿಯಿತು. ಆದರೆ ಲಾರ್ಡ್ ಕೇರ್ನ್ಸ್ ಅಲ್ಲಿ ಮಂಡಿಸಿದ ತತ್ತ್ವವನ್ನು ಇಂದಿಗೂ ಉದ್ಧರಿಸುತ್ತಾರೆ. ಅಧಿಕಾರವನ್ನು ಕೊಟ್ಟ ಉದ್ದೇಶ, ಅದರ ಪ್ರಯೋಜನ ಪಡೆಯಬೇಕಾದವರ ಹಕ್ಕು, ಇವುಗಳನ್ನು ನೋಡಿದಾಗ ಕೆಲವೊಮ್ಮೆ ಆ ಅಧಿಕಾರದ ಜೊತೆಗೆ ಕರ್ತವ್ಯವೂ ಸೇರಿಕೊಂಡಿರುತ್ತದೆ; ಆಗ, ಕೇಳಿಕೊಂಡಾಗ ಅದನ್ನು ಚಲಾಯಿಸಲೇಬೇಕಾಗುತ್ತದೆ ಎಂಬುದು ಅದರ ಸಾರ.

ಹೊರನಾಡ ಕನ್ನಡಿಗರಿಗೆ ಇದೆಲ್ಲ ಏಕೆ ಬೇಕು? ನಮ್ಮ ಮಕ್ಕಳ ಕನ್ನಡ ಕಲಿಕೆಗೆ ಆಧಾರವಾದ ವಾಕ್ಯದಲ್ಲೇ ಈ ಎರಡೂ ಪದಗಳು ಕುಳಿತಿವೆ. ರಾಜ್ಯಗಳ ಪುನರ್ವಿಂಗಡಣೆಯ ಹೊತ್ತಿನಲ್ಲಿ, 1956ರ ಏಳನೆಯ ತಿದ್ದುಪಡಿಯ ಮೂಲಕ, ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸುವುದು ಪ್ರತಿಯೊಂದು ರಾಜ್ಯದ, ಪ್ರತಿಯೊಂದು ಸ್ಥಳೀಯ ಪ್ರಾಧಿಕಾರದ ಪ್ರಯತ್ನವಾಗಿರತಕ್ಕದ್ದು ಎಂದು ಅದು ಹೇಳುತ್ತದೆ. ಗಮನಿಸಿ: ಇಲ್ಲಿ ‘ತಕ್ಕದ್ದು’ ಅಂಟಿಕೊಂಡಿರುವುದು ಪ್ರಯತ್ನಕ್ಕೆ, ಸೌಲಭ್ಯಕ್ಕಲ್ಲ. ಮುಂದಿನ ಭಾಗದಲ್ಲಿ, ಆ ಸೌಲಭ್ಯಕ್ಕಾಗಿ ರಾಷ್ಟ್ರಪತಿಗಳು ರಾಜ್ಯಗಳಿಗೆ ಅಗತ್ಯವೆಂದು ಕಂಡ ನಿರ್ದೇಶನಗಳನ್ನು ಕೊಡುವ ವಿಷಯ ಬರುತ್ತದೆ. ಅಲ್ಲಿರುವುದು ‘ಮೇ’.

ಅಕ್ಕಲಕೋಟೆ, ಜತ್ತ, ಕಾಸರಗೋಡು, ತಾಳವಾಡಿಗಳ ಕನ್ನಡ ಮಕ್ಕಳೂ, ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಕುಳಿತ ಮಕ್ಕಳೂ ಈ ವಾಕ್ಯದ ನೆರಳಿನಲ್ಲಿದ್ದಾರೆ. ನಿವೃತ್ತರಾದ ಕನ್ನಡ ಶಿಕ್ಷಕರ ಜಾಗ ತುಂಬುವುದೋ ಇಲ್ಲವೋ, ಪಠ್ಯಪುಸ್ತಕ ಜೂನ್ ತಿಂಗಳಲ್ಲಿ ಬರುವುದೋ ದೀಪಾವಳಿಯ ಹೊತ್ತಿಗೆ ಬರುವುದೋ ಎಂಬಂಥ ಪ್ರಶ್ನೆಗಳು ಕೊನೆಗೆ ತಾಗುವುದು ಈ ಎರಡು ಪದಗಳಿಗೆ.

ಶಿಕ್ಷಣದಲ್ಲಿ ರಾಜ್ಯಗಳಿಗೆ ತಮ್ಮದೇ ಹೊಣೆಯಿರುವಾಗ ಕೇಂದ್ರದ ಕೈಗೆ ಕಡ್ಡಾಯದ ಚಾವಟಿ ಕೊಡುವುದು ತರವಲ್ಲ, ಆದ್ದರಿಂದ ‘ಮೇ’ ಎಂಬುದೇ ಸರಿಯಾದ ಪದ ಎಂದು ವಾದಿಸುವವರಿದ್ದಾರೆ. ಆ ವಾದದಲ್ಲಿ ಹುರುಳಿದೆ. ‘ಮೇ’ಯನ್ನು ‘ಶಲ್’ ಆಗಿ ತಿದ್ದಬೇಕೆಂದು ನಾನು ಹೇಳುತ್ತಿಲ್ಲ. ನನ್ನ ತಕರಾರು ನಾವು ಅದನ್ನು ಓದುವ ಕ್ರಮದ ಬಗ್ಗೆ. ‘ರಾಷ್ಟ್ರಪತಿಗಳು ನಿರ್ದೇಶನ ನೀಡಬಹುದು’ ಎಂದು ಕನ್ನಡಿಸಿದೊಡನೆ ಅದು ‘ಮಳೆ ಬರಬಹುದು’ ಎಂಬಂತೆ ಕೇಳಿಸುತ್ತದೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಾವು ಆಕಾಶ ನೋಡುತ್ತ ಕೂರುತ್ತೇವೆ. ‘ನಿರ್ದೇಶನ ನೀಡುವ ಅಧಿಕಾರ ರಾಷ್ಟ್ರಪತಿಗಳಿಗಿದೆ’ ಎಂದರೆ ಮಾತಿನ ಬಣ್ಣವೇ ಬೇರೆ. ಅಧಿಕಾರ ಇದೆ ಎಂದ ಮೇಲೆ ಅದನ್ನು ಚಲಾಯಿಸಿ ಎಂದು ಕೇಳುವ ದಾರಿಯೂ ಇದೆ. ‘ಮೇ’ ಪದದ ಮೂಲದಲ್ಲಿರುವ ಶಕ್ತಿಯ ಅರ್ಥ ಈ ಕನ್ನಡ ವಾಕ್ಯದಲ್ಲಿ ಉಳಿಯುತ್ತದೆ.

ಕೇರ್ನ್ಸರ ತತ್ತ್ವದಲ್ಲೂ ಮುಖ್ಯವಾದ ಮಾತು ‘ಕೇಳಿಕೊಂಡಾಗ’ ಎಂಬುದು. ಕೇಳದೆ ಯಾವ ಕಡತವೂ ಹುಟ್ಟುವುದಿಲ್ಲ ಎಂಬುದನ್ನು ಕಚೇರಿಯ ಒಳಗಿರುವವರೆಲ್ಲ ಬಲ್ಲರು. ಅಹವಾಲು ಸಲ್ಲಿಸಲು 350ನೆಯ ವಿಧಿ ಎಲ್ಲರಿಗೂ ಹಕ್ಕು ಕೊಟ್ಟಿದೆ. ರಾಜ್ಯದ ಅಧಿಕಾರಿಗೆ ಬರೆಯುವಾಗ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಬರೆಯಬಹುದು. ಭಾಷಾ ಅಲ್ಪಸಂಖ್ಯಾತರಿಗಾಗಿ ಒಬ್ಬ ವಿಶೇಷಾಧಿಕಾರಿ ಇರತಕ್ಕದ್ದು ಎಂದು 350ಬಿ ವಿಧಿ ಹೇಳುತ್ತದೆ. ಅಲ್ಲಿ ‘ಶಲ್’ ಇದೆ. ನಮ್ಮ ಸಂಘಗಳು ರಾಜ್ಯೋತ್ಸವಕ್ಕೆ ಆಮಂತ್ರಣ ಅಚ್ಚು ಹಾಕಿಸುವಷ್ಟೇ ಶ್ರದ್ಧೆಯಿಂದ ವರ್ಷಕ್ಕೊಂದು ಅಹವಾಲನ್ನು ಸಿದ್ಧಪಡಿಸಲಿ: ಯಾವ ಶಾಲೆ, ಎಷ್ಟು ಮಕ್ಕಳು, ಯಾವ ಹುದ್ದೆ ಎಂದಿನಿಂದ ಖಾಲಿ, ಯಾವ ಪುಸ್ತಕ ಬಂದಿಲ್ಲ. ಉತ್ತರ ಬಾರದಿದ್ದರೆ ಹಿಂದಿನ ಪತ್ರದ ಸಂಖ್ಯೆ, ದಿನಾಂಕ ನಮೂದಿಸಿ ಮತ್ತೆ ಬರೆಯಲಿ. ಹಾಗೆ ಬರೆದ ಮೂರನೆಯ ಪತ್ರವನ್ನು ಬದಿಗಿಡುವುದು ಮೊದಲನೆಯದನ್ನು ಬದಿಗಿಟ್ಟಷ್ಟು ಸುಲಭವಲ್ಲ.