ಹಳೇ ಸೆಮಿ ಮಿಷನ್ನು ಎಕ್ಸ್‌ಚೇಂಜಿಗೆ ಕೊಡಲ್ಲ

ಮೊನ್ನೆ ಮಗ ಬೆಂಗಳೂರಿಂದ ಫೋನ್ ಮಾಡಿ, "ಅಮ್ಮ, ಎಕ್ಸ್‌ಚೇಂಜ್ ಆಫರ್ ಐತೆ, ಆ ಎರಡು ತೊಟ್ಟಿ ಮಿಷನ್ ಕೊಟ್ಬಿಟ್ಟು ಫ್ರಂಟ್ ಲೋಡ್ ತಗೊಳ್ಳೋಣ" ಅಂದ. ನಾನು ಬೇಡ ಅಂದೆ. ಮನೆಯವ್ರೂ ಅವನ ಕಡೇನೇ. ಈ ಕಾಲದಲ್ಲೂ ಒದ್ದೆ ಬಟ್ಟೆ ಆ ತೊಟ್ಟಿಯಿಂದ ಈ ತೊಟ್ಟಿಗೆ ಎತ್ತಿ ಹಾಕ್ತೀಯಲ್ಲ ಅಂತ. ಪಕ್ಕದ ಮನೆ ಅಕ್ಕನೂ ಅದನ್ನೇ ಕೇಳಿದ್ರು. ಅದಕ್ಕೆ ಇಲ್ಲಿ ಬರೀತಾ ಇದೀನಿ.

ನಮ್ಮಪ್ಪಂದು ಒಂದು ಬೂದಿ ಬಣ್ಣದ ಸ್ವೆಟರ್ ಇತ್ತು. ಸೋದರಮಾವ ಮಿಲಿಟ್ರೀಲಿದ್ರು, ಒಂದು ಸಲ ರಜೆಗೆ ಬರೋವಾಗ ಕಾಶ್ಮೀರದಿಂದ ಅಸಲಿ ಕುರಿ ಉಣ್ಣೆ ಲಡಿ ತಂದಿದ್ರು. ಅಮ್ಮ ಒಂದು ಮಳೆಗಾಲ ಪೂರ್ತಿ ಕೂತು ಹೆಣೆದದ್ದು. ಮಾಗಿ ಚಳೀಲಿ ಅಪ್ಪ ಅದನ್ನ ಹಾಕ್ಕೊಂಡೇ ತೋಟಕ್ಕೆ ಹೋಗೋದು, ಅಟ್ಟ ಹತ್ತಿ ಕೊಬ್ಬರಿ ಅಲ್ಲಾಡಿಸಿ ನೋಡೋದು. ಅಪ್ಪ ಹೋದ ಮೇಲೆ ಅಣ್ಣತಮ್ಮಂದ್ರು ತೋಟ ಹಂಚಿಕೊಂಡ್ರು, ನಾನು ಸ್ವೆಟರ್ ಕೇಳಿದೆ. ನಾಲ್ಕು ವರ್ಷದ ಕೆಳಗೆ ಮಗನ ಮನೆಗೆ ಹೋದಾಗ ಸೊಸೆ ಪಾಪ ಒಳ್ಳೇದಕ್ಕೇ ಅಂತ ಟವಲ್ ಜೊತೆ ಅದನ್ನೂ ಮಿಷನ್ನಿಗೆ ಹಾಕಿದ್ಲು, 60 ಡಿಗ್ರಿ ಬಿಸಿ ನೀರಿಗೆ. ಈಚೆಗೆ ಬಂದಾಗ ಐದು ವರ್ಷದ ಮಗುವಿಗೆ ಆಗೋ ಅಷ್ಟಾಗಿತ್ತು. ಅವಳು ನನ್ನ ಮುಖ ನೋಡಿ ಅತ್ಲು. ನಾನು ಅವಳ ಮುಂದೆ ಅಳ್ಲಿಲ್ಲ, ಬಸ್ಸಲ್ಲಿ ಅತ್ತೆ.

ಊರಿಗೆ ಬಂದು ಎಷ್ಟು ಎಳೆದ್ರೂ ಹಿಗ್ಗಲಿಲ್ಲ. ಉಣ್ಣೆ ಎಳೆ ಮೇಲೆ ಮೀನಿನ ಹುರುಪೆ ಥರ ಸಣ್ಣ ಸಣ್ಣ ಪದರ ಇರ್ತದಂತೆ. ಬಿಸಿ, ಸೋಪು, ತಿಕ್ಕಾಟ ಮೂರೂ ಸೇರಿದ್ರೆ ಒಂದಕ್ಕೊಂದು ಕಚ್ಚಿಕೊಂಡು ಬಿಡ್ತವೆ, ಮತ್ತೆ ಬಿಡಿಸೋಕಾಗಲ್ಲ. ಕಾಶ್ಮೀರದಲ್ಲಿ ನಮ್ದಾ ಅಂತ ನೆಲಕ್ಕೆ ಹಾಸೋದನ್ನ ಹಿಂಗೇ ಸೋಪು ನೀರು ಹಾಕಿ ಉಜ್ಜಿ ಉಜ್ಜಿ ಮಾಡ್ತಾರೆ. ಇರ್ಲಿ ಅಂತ ಕತ್ತರಿ ಹಾಕಿದೆ. ಒಂದು ಎಳೆನೂ ಬಿಚ್ಚಲಿಲ್ಲ! ದಪ್ಪಗೆ, ಕಂಬಳಿಗಿಂತ ಮೆತ್ತಗೆ. ಅತ್ತೆಗೆ ರೆಡ್ ಆಕ್ಸೈಡ್ ನೆಲದ ತಣ್ಣಗೆ ಕಾಲೆಲ್ಲ ಜೋಮು ಹಿಡೀತಿತ್ತು, ಅವರಿಗೆ ಮನೇಲಿ ಹಾಕ್ಕೊಳ್ಳೋಕೆ ಒಂದು ಜೊತೆ ಚಪ್ಪಲಿ ಹೊಲಿದೆ. ಜಾರಬಾರ್ದು ಅಂತ ಅಡಿಗೆ ಹಳೇ ಸೈಕಲ್ ಟ್ಯೂಬು ಕತ್ತರಿಸಿ ಹೊಲಿದಿದೀನಿ. ಇದನ್ನ ಮಾತ್ರ ಮರೀಬೇಡಿ ಕಣ್ರೇ.

ಅದನ್ನ ನೋಡಿ ನೀವೆಲ್ಲ ಹಳೇ ಸ್ವೆಟರ್ ತಂದುಕೊಟ್ರಿ. ಮೊದಲ್ನೇದು ಮೂರು ಸಲ ಹಾಕಿದ್ರೂ ಹಂಗೇ ಇತ್ತು. ಯಾಕೆ ಗೊತ್ತಾ? ಅದು ಉಣ್ಣೇನೇ ಅಲ್ಲ. ನಾವು ಸ್ಕೂಲಲ್ಲಿ ಹೆಣಿಗೆ ಕಲಿಯೋವಾಗ ಕ್ಯಾಶ್ಮಿಲಾನ್ ಅಂತ ತಗೋತಿದ್ವಲ್ಲ, ಅದು ಅಕ್ರಿಲಿಕ್. ಈಗ ಅಂಗಡೀಲಿ ಉಲ್ಲನ್ ಅಂತ ಕೊಡೋದೂ ಬಹುಪಾಲು ಅದೇ. ಒಂದೆರಡು ಅಂಗುಲ ಎಳೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಕೈಯಲ್ಲಿ ಪುಡಿಯಾದ್ರೆ ಉಣ್ಣೆ. ಕರಗಿ ಗಟ್ಟಿ ಮಣಿ ಆದ್ರೆ ನನ್ನ ಹತ್ರ ತರಬೇಡಿ.

ಈಗ ಮಿಷನ್ ವಿಷ್ಯ. ದಿನಾ ಬಟ್ಟೆಗೆ ಫ್ರಂಟ್ ಲೋಡೇ ವಾಸಿ, ನಾನು ಇಲ್ಲ ಅನ್ನಲ್ಲ. ನೀರು ಕಡಿಮೆ ಸಾಕು, ಸೀರೆ ಹಾಳಾಗಲ್ಲ, ಸೊಂಟ ನೋವಿದ್ದೋರಿಗೆ ಎತ್ತಿ ಹಾಕೋ ಕೆಲ್ಸ ಇಲ್ಲ. ಆದ್ರೆ ಬೇಕು ಅಂತಲೇ ಉಣ್ಣೆ ಕುಗ್ಗಿಸೋಕೆ ಅದು ಆಗಿಬರಲ್ಲ. ಬಾಗಿಲು ಒಂದು ಸಲ ಲಾಕ್ ಆದ್ರೆ ಬೇಕಂದಾಗ ತೆಗೆಯೋ ಹಂಗಿಲ್ಲ. ಉಣ್ಣೆ ಕುಗ್ಗೋದು ಅನ್ನ ಬೇಯೋ ಹಂಗೆ, ಐದು ನಿಮಿಷ ಹೆಚ್ಚುಕಮ್ಮಿ ಆದ್ರೆ ಕೈಬಿಟ್ಟು ಹೋಗ್ತದೆ, ಇಣುಕಿ ಇಣುಕಿ ನೋಡ್ಬೇಕು. ಅದರಲ್ಲಿರೋ ವೂಲನ್ ಬಟನ್ ನಂಬಿದ್ರೆ ಏನೂ ಆಗಲ್ಲ, ಅದು ಇರೋದೇ ಉಣ್ಣೆ ಕುಗ್ಗದೆ ಇರ್ಲಿ ಅಂತ. ಇನ್ನು ನೀರು ಕಾಯಿಸೋ ಹೀಟರ್ರು 2000 ವ್ಯಾಟ್ ಹತ್ರ ಎಳೀತದೆ. ಮಧ್ಯೆ ಕರೆಂಟ್ ಹೋದ್ರೆ ನಮ್ಮ ಯುಪಿಎಸ್ ಎಲ್ಲಿ ತಡೀತದೆ? ಗೃಹಜ್ಯೋತೀಲಿ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ಲು ನಾವೇ ಕಟ್ಬೇಕು. ಬೋರಿನ ಗಡಸು ನೀರಿಗೆ ಹೀಟರ್ ಮೇಲೆ ಬಿಳಿ ಉಪ್ಪು ಕಟ್ಟೋದು ಬೇರೆ.

ಸೆಮೀಲಿ ಆ ರಗಳೆ ಇಲ್ಲ. ಹಿತ್ತಲ ಒಲೇಲಿ ಮಟ್ಟೆ, ಸೋಗೆ ಹಾಕಿ ಹಂಡೇಲಿ ನೀರು ಕಾಯಿಸ್ತೀನಿ, ಬಿಟ್ಟಿ ಸೌದೆ. ಕೈ ತಡಕೊಳ್ಳೋ ಅಷ್ಟು ಬಿಸಿ ಸಾಕು, ಕುದಿಯೋದನ್ನ ಸುರಿದ್ರೆ ಪ್ಲಾಸ್ಟಿಕ್ ತೊಟ್ಟಿ ಕೆಡ್ತದೆ. ಬಟ್ಟೇನ ಹಳೇ ದಿಂಬಿನ ಕವರಿಗೆ ಹಾಕಿ ಬಾಯಿ ಕಟ್ಟಿ, ಇಲ್ದಿದ್ರೆ ಉದುರೋ ಉಣ್ಣೆ ಹೋಗಿ ಪೈಪು ಕಟ್ಕೊಳ್ತದೆ. ತಿಕ್ಕಾಟಕ್ಕೆ ಒಂದು ಹಳೇ ಜೀನ್ಸ್ ಪ್ಯಾಂಟ್ ಜೊತೆಗಿರ್ಲಿ. ಐದು ನಿಮಿಷಕ್ಕೆ ಟೈಮರ್ ತಿರುಗಿಸಿ, ಮುಚ್ಚಳ ತೆಗೆದು ನೋಡಿ, ಮತ್ತೆ ತಿರುಗಿಸಿ. ಹೆಣಿಗೆ ಕಣ್ಣು ಮುಚ್ಚಿಕೊಂಡ್ರೆ ಆಯ್ತು. ತಣ್ಣೀರಲ್ಲಿ ಜಾಲಿಸಿ, ಕೈಯಲ್ಲಿ ಎಳೆದು ಆಕಾರ ಮಾಡಿ ನೆರಳಲ್ಲಿ ಹರವಿ. ಹೊಸದಾಗಿ ಹೆಣೆಯೋರು ದಪ್ಪ ಕಡ್ಡೀಲಿ ಸಡಿಲಾಗಿ, ಉದ್ದ ಜಾಸ್ತಿ ಇಟ್ಟು ಹೆಣೀರಿ. ಅಗಲಕ್ಕಿಂತ ಉದ್ದವೇ ಹೆಚ್ಚು ಕುಗ್ಗೋದು. ಎರಡು ಮಿಷನ್ ಇಡೋಕೆ ಜಾಗ ಇಲ್ಲ, ಹೊಸದೇ ಬೇಕು ಅನ್ನೋರು ಮೇಲೆ ಬಾಗಿಲಿರೋ ಫುಲ್ ಆಟೋಮ್ಯಾಟಿಕ್ ತಗೊಳ್ಳಿ, ಮಧ್ಯೆ ನಿಲ್ಲಿಸಿ ಮುಚ್ಚಳ ತೆಗೆಯೋಕಾಗ್ತದಾ ಅಂತ ಅಂಗಡೀಲೇ ಕೇಳಿ.

ಮಗನಿಗೆ ಹೇಳಿದೀನಿ, ನಿಮ್ಮಪ್ಪನ ಸಮಾಧಾನಕ್ಕೆ ಬೇಕಾದ್ರೆ ಹೊಸದು ತಗೋ, ಹಳೇದು ಹಿತ್ತಲಲ್ಲಿ ಹಂಡೆ ಒಲೆ ಪಕ್ಕ ಇರ್ತದೆ. ಸೊಸೆ ಹೋದ ತಿಂಗಳು ಬಂದಾಗ ಅವಳೇ ಟೈಮರ್ ತಿರುಗಿಸಿ ಮಗೂಗೆ ಒಂದು ಟೋಪಿ ಮಾಡ್ಕೊಂಡು ಹೋದ್ಲು. ಅಪ್ಪನ ಸ್ವೆಟರ್ದು ಒಂದು ತೋಳು ಇನ್ನೂ ಬೀರೂಲಿ ಐತೆ, ಅದಕ್ಕೆ ಕತ್ತರಿ ಹಾಕಿಲ್ಲ.